ಇಪ್ಪತ್ತನಾಲ್ಕು ಮೆಟ್ಟಿಲಿನ ಸಂಖ್ಯೆ

ಟೈಲ್ಸ್ ಮೇಸ್ತ್ರಿ ಓದಿದ್ದು ಏಳನೇ ತರಗತಿವರೆಗೆ ಮಾತ್ರ. ಆದರೆ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದನೆಂದರೆ, ನೆಲಕ್ಕೆ ಎಷ್ಟು ಟೈಲ್ಸ್ ಬೇಕು, ಎಷ್ಟು ಕತ್ತರಿಸುವುದರಲ್ಲೇ ಹೋಗುತ್ತವೆ, ಯಾವ ಮೂಲೆಯಲ್ಲಿ ಗೋಡೆ ಸೊಟ್ಟಗಿದೆ ಎಂದು ನಿಂತ ಕಾಲಲ್ಲೇ ಹೇಳಿಬಿಡುತ್ತಿದ್ದ. ಆಮೇಲೆ ಟೇಪು ಹಿಡಿದು ಅಳೆಯುವುದು ಮನೆಯವರ ಸಮಾಧಾನಕ್ಕೆ. ಮೂವತ್ತು ವರ್ಷ ಮಂಡಿಯೂರಿ ಕೆಲಸ ಮಾಡಿದ್ದರಿಂದ ಮಂಡಿಚಿಪ್ಪುಗಳು ಗಟ್ಟಿಯಾಗಿ ಒರಟಾಗಿದ್ದವು. ಮಾತು ಕಡಿಮೆ. ಆ ಕೊರತೆಯನ್ನು ಅವನ ಹೆಂಡತಿಯ ತಮ್ಮ ತುಂಬಿಕೊಡುತ್ತಿದ್ದ. ಗಾರೆ ಕಲಸುವುದರಿಂದ ಹಿಡಿದು ಟೈಲ್ಸ್ ಹೊರುವವರೆಗೆ ಭಾವನ ಜೊತೆಗೇ ಇರುವ ಈ ನಲವತ್ತು ದಾಟಿದ ಭಾವಮೈದನ ಬಾಯಿ ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ. ಹಾಗಾಗಿ ಎಲ್ಲರೂ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು.

ಹೆಣ್ಣುಮಕ್ಕಳ ಶಾಲೆಯೊಂದರ ಮೆಟ್ಟಿಲುಗಳನ್ನು ಹೊಸದಾಗಿ ಮಾಡುವ ಕೆಲಸ ಇಬ್ಬರಿಗೂ ಬಂತು. ಕೆಳಗಿನ ಅಂಗಳದಿಂದ ಮೇಲಿನ ತರಗತಿಗಳಿಗೆ ಹೋಗುವ ನೇರ ಮೆಟ್ಟಿಲು. ಹನ್ನೆರಡು ಹತ್ತಿದರೆ ಸುಧಾರಿಸಿಕೊಳ್ಳಲು ಒಂದು ಅಗಲವಾದ ಜಾಗ, ಅಲ್ಲಿಂದ ಮತ್ತೆ ಹನ್ನೆರಡು. ಅಂಚುಗಳೆಲ್ಲ ಕಿತ್ತುಹೋಗಿ, ಮಳೆ ಬಂದ ದಿನ ಒಬ್ಬರಾದರೂ ಜಾರಿ ಬೀಳುತ್ತಿದ್ದರು. ಬೇಸಿಗೆ ರಜೆ ಮುಗಿಯುವುದರೊಳಗೆ ಕೆಲಸ ಮುಗಿಯಬೇಕು ಎಂದಿದ್ದರು ಹೆಡ್ ಮೇಡಂ.

ಮೊದಲ ದಿನ ಮೇಸ್ತ್ರಿ ಅಳತೆ ತೆಗೆಯುತ್ತಿದ್ದಾಗ ಗಣಿತದ ಮೇಡಂ ಬಂದರು. ಕುಳ್ಳಗೆ, ಚುರುಕಾಗಿ, ನಡೆದರೆ ಓಡಿದ ಹಾಗೆ. ರಜೆಯಲ್ಲೂ ಹಿಂದುಳಿದ ಮಕ್ಕಳಿಗೆ ಪಾಠ ಹೇಳಲು ದಿನಾ ಬರುತ್ತಿದ್ದರು.

"ಒಟ್ಟು ಎಷ್ಟು ಮೆಟ್ಟಿಲು ಮೇಸ್ತ್ರಿಗಳೇ?" ಎಂದು ಸುಮ್ಮನೆ ಕೇಳಿದರು.

"ಇಪ್ಪತ್ತನಾಲ್ಕು ಮೇಡಂ."

ಹತ್ತು ವರ್ಷದಿಂದ ಅದನ್ನೇ ಹತ್ತಿ ಇಳಿದಿದ್ದ ಮೇಡಂ ಅಲ್ಲೇ ನಿಂತುಬಿಟ್ಟರು. "ಸರಿಯಾಗಿ ಇಪ್ಪತ್ತನಾಲ್ಕಾ? ಇನ್ನೊಂದು ಸಲ ಎಣಿಸಿ ನೋಡ್ತೀರಾ?" ಎಂದು, ಮೇಸ್ತ್ರಿ ಎಣಿಸುವ ಮೊದಲೇ ತಾವೇ ಎಣಿಸುತ್ತ ಮೇಲಕ್ಕೆ ಹೋದರು, ಎಣಿಸುತ್ತ ಇಳಿದರು. ಮುಖ ಅರಳಿತ್ತು.

"ಒಂದೊಂದು ಮೆಟ್ಟಿಲ ನಿಂತ ಮುಖದಲ್ಲೂ ಒಂದೊಂದು ಅಂಕೆ ಕೂರಿಸೋಕಾಗುತ್ತಾ? ಬಣ್ಣದಲ್ಲಿ ಬರೆಯೋದಲ್ಲ. ಕಲ್ಲಲ್ಲಿ ಕೊರೆದು, ಟೈಲ್ ಒಳಗೇ ಕೂರೋ ಹಾಗೆ."

"ಆಗುತ್ತೆ. ಬಿಳಿ ಟೈಲ್ ಒಳಗೆ ಕರಿ ಗ್ರಾನೈಟ್ ಕೂರಿಸಿದ್ರೆ ಎದ್ದು ಕಾಣುತ್ತೆ. ಒಂದರಿಂದ ಇಪ್ಪತ್ತನಾಲ್ಕರ ತನಕ ತಾನೆ?"

"ಅಲ್ಲ. ಒಂದೇ ಸಂಖ್ಯೆ. ಇಪ್ಪತ್ತನಾಲ್ಕು ಅಂಕಿಯದ್ದು."

ಅಷ್ಟರಲ್ಲಿ ಗಾರೆ ಬುಟ್ಟಿ ಇಳಿಸಿದ ರೇಡಿಯೊ, "ಯಾರ ಫೋನ್ ನಂಬರ್ ಮೇಡಂ ಅಷ್ಟು ಉದ್ದ?" ಎಂದ.

ಮೇಡಂ ನಕ್ಕರು. ಸೀಮೆಸುಣ್ಣ ತಂದು ಅಂಗಳದ ನೆಲದ ಮೇಲೆ ಒಂದೇ ಉಸಿರಿಗೆ ಬರೆದರು, ಕಾಗದ ನೋಡದೆ: 357686312646216567629137.

"ಇದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ರೆ ಬೇರೆ ಯಾವುದರಿಂದಲೂ ಶೇಷ ಉಳಿಯದೆ ಭಾಗ ಆಗಲ್ಲ. ಗೊತ್ತಲ್ವಾ?"

ಮೇಸ್ತ್ರಿ ತಲೆಯಾಡಿಸಿದ. "ಹೆಸರು ಮರ್ತುಹೋಗಿತ್ತು ಮೇಡಂ. ನಮ್ಮಲ್ಲಿ ಹಟಮಾರಿ ಲೆಕ್ಕ ಅಂತೀವಿ."

"ಏನು?"

"ನನಗೆ ಕೆಲಸ ಕಲಿಸಿದವರು ಹಾಗಂತಿದ್ರು. ಹನ್ನೆರಡು ಟೈಲ್ಸ್ ಕೊಡಿ, ಮೂರು ಸಾಲು ನಾಲ್ಕು ಸಾಲು ಮಾಡಿ ಚೊಕ್ಕವಾಗಿ ಕೂರಿಸ್ತೀನಿ. ಹದಿಮೂರು ಕೊಡಿ, ಏನ್ ಮಾಡಿದ್ರೂ ಒಂದಾದ್ರೂ ಹೊರಗೆ ನಿಂತ್ಕೊಳ್ಳುತ್ತೆ, ಇಲ್ಲಾಂದ್ರೆ ಎಲ್ಲಾ ಒಂದೇ ಸಾಲು. ಹದಿನೇಳು, ಹತ್ತೊಂಬತ್ತು, ಎಲ್ಲ ಅದೇ ಜಾತಿ. ಹೇಳಿದ ಮಾತು ಕೇಳಲ್ಲ."

ಮೇಡಂ ಸೀಮೆಸುಣ್ಣ ಹಿಡಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಅವನನ್ನೇ ನೋಡಿದರು. ಸೀರೆಗೆ ಸುಣ್ಣ ಮೆತ್ತಿದ್ದು ಅವರ ಗಮನಕ್ಕೆ ಬರಲಿಲ್ಲ. "ಹಾಗಿದ್ರೆ ನಿಮಗೆ ಹೇಳೋದು ಸುಲಭ. ಇದು ಅಂಥ ಹಟಮಾರಿ. ಇಷ್ಟು ಟೈಲ್ಸ್ ಇದ್ರೆ ಒಂದೇ ಸಾಲು, ಬೇರೆ ದಾರಿಯಿಲ್ಲ. ಅದು ಬಿಡಿ, ಇನ್ನೂ ಮಜಾ ಇದೆ. ಎಡಗಡೆಯ ಮೂರನ್ನು ಅಳಿಸಿ. ಉಳಿದ ಇಪ್ಪತ್ಮೂರು ಅಂಕಿಯದ್ದೂ ಹಟಮಾರಿ. ಐದನ್ನು ಅಳಿಸಿ. ಉಳಿದಿದ್ದೂ ಹಟಮಾರಿ. ಹೀಗೇ ಅಳಿಸ್ತಾ ಬನ್ನಿ, ಎಲ್ಲೂ ತಪ್ಪಲ್ಲ. ಕೊನೆಗೆ ನೂರ ಮೂವತ್ತೇಳು, ಮೂವತ್ತೇಳು, ಏಳು. ಅದಕ್ಕೇ ಮೂರನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಹಾಕಿ, ಏಳನ್ನು ಕೆಳಗೆ. ಮಗು ಯಾವ ಮೆಟ್ಟಿಲ ಮೇಲೆ ನಿಂತರೂ, ಅಲ್ಲಿಂದ ಕೆಳಗಿನ ತನಕ ಇರೋ ಸಂಖ್ಯೆ ಅವಿಭಾಜ್ಯ."

ಮೇಸ್ತ್ರಿ ಮೆಟ್ಟಿಲುಗಳ ಕಡೆ ಒಮ್ಮೆ, ನೆಲದ ಮೇಲಿನ ಅಂಕೆಗಳ ಕಡೆ ಒಮ್ಮೆ ನೋಡಿದ. "ಇಪ್ಪತ್ತೈದನೇ ಮೆಟ್ಟಿಲು ಇದ್ದಿದ್ರೆ ಏನ್ ಮಾಡ್ತಿದ್ರಿ?"

"ಅದೇ ನೋಡಿ! ಇದರ ಎಡಗಡೆ ಒಂದರಿಂದ ಒಂಬತ್ತರವರೆಗೆ ಯಾವ ಅಂಕೆ ಇಟ್ಟರೂ ಹಟ ಮುರಿದುಹೋಗುತ್ತೆ. ಸೊನ್ನೆ ಸೇರಿಸದೆ ಹೀಗೆ ಬೆಳೆಯೋ ಸಂಖ್ಯೆಗಳು ಒಟ್ಟು ನಾಲ್ಕು ಸಾವಿರದ ಇನ್ನೂರ ಅರವತ್ತು ಮಾತ್ರ ಇವೆ. ಎಲ್ಲದರಲ್ಲೂ ದೊಡ್ಡದು ಇದು. ಇದಕ್ಕಿಂತ ಎತ್ತರದ್ದು ಇಲ್ಲ. ಇಪ್ಪತ್ತನಾಲ್ಕಕ್ಕೆ ಮುಗೀತು."

"ನಮ್ಮ ಶಾಲೆ ಕಟ್ಟಿದವನಿಗೆ ಗೊತ್ತಿತ್ತೇನೋ," ಎಂದ ರೇಡಿಯೊ.

"ಅವನಿಗೆ ಇಳಿಜಾರೇ ಸರಿಯಾಗಿ ಗೊತ್ತಿರಲಿಲ್ಲ," ಎಂದ ಮೇಸ್ತ್ರಿ, ರಸಮಟ್ಟವನ್ನು ಮೆಟ್ಟಿಲ ಮೇಲಿಡುತ್ತ.

ಮೇಡಂ ಹೇಳಿದ್ದನ್ನು ನಂಬದಿರಲು ಕಾರಣವಿರಲಿಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ ಮೇಸ್ತ್ರಿ ಸುಮ್ಮನೆ ಕೂರಲಿಲ್ಲ. ಹಿಂದಿನ ಕೆಲಸದಲ್ಲಿ ಉಳಿದಿದ್ದ ಅಂಗೈಯಗಲದ ಸಣ್ಣ ಟೈಲ್ಸ್ ಒಂದು ಡಬ್ಬಿ ತುಂಬ ಇದ್ದವು. ನೂರ ಮೂವತ್ತೇಳು ಎಣಿಸಿ ಅಂಗಳದಲ್ಲಿ ಹರಡಿದ. ಎರಡು ಸಾಲು ಮಾಡಿದ, ಒಂದು ಮಿಕ್ಕಿತು. ಮೂರು ಸಾಲು, ಎರಡು ಮಿಕ್ಕವು. ಐದಕ್ಕೂ ಎರಡೇ. ಏಳು ಸಾಲು ಮಾಡಿದಾಗ ನಾಲ್ಕು. ಹನ್ನೊಂದಕ್ಕೆ ಐದು.

"ನಾಲ್ಕು, ಆರು, ಎಂಟು ಎಲ್ಲ ಬಿಟ್ರಲ್ಲ ಭಾವ?" ಎಂದ ರೇಡಿಯೊ.

"ಎರಡು ಸಾಲಲ್ಲಿ ಕೂರದ್ದು ನಾಲ್ಕು ಸಾಲಲ್ಲಿ ಹೇಗೆ ಕೂರುತ್ತೆ?"

"ಸರಿ, ಹನ್ನೆರಡರ ಮೇಲೆ?"

ಮೇಸ್ತ್ರಿ ಕೈಯಲ್ಲಿದ್ದ ಟೈಲನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಯೋಚಿಸಿದ. ನಂತರ ಅವನ ಮುಖದ ಮೇಲೆ ನಗು ಮೂಡಿತು. "ಬೇಕಾಗಿಲ್ಲ. ಹನ್ನೆರಡು ಹನ್ನೆರಡಲೇ ನೂರ ನಲವತ್ನಾಲ್ಕು, ನಮ್ಮ ಹತ್ರ ಅಷ್ಟಿಲ್ಲ. ಸಾಲು ಹನ್ನೆರಡಕ್ಕಿಂತ ಹೆಚ್ಚು ಮಾಡಿದ್ರೆ, ಒಂದೊಂದು ಸಾಲಲ್ಲಿ ಹನ್ನೆರಡಕ್ಕಿಂತ ಕಡಿಮೆ ಬರಬೇಕು. ಅದೇ ಹಾಸು ಅಡ್ಡ ತಿರುಗುತ್ತೆ ಅಷ್ಟೆ. ಆಗಲೇ ನೋಡಿ ಆಗಿದೆ."

ಹಿಂದೆ ಕಿಟಕಿಯಲ್ಲಿ ಮೇಡಂ ನಿಂತಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ. "ಇದನ್ನು ನನ್ನ ಮಕ್ಕಳಿಗೆ ಅರ್ಥ ಮಾಡಿಸೋಕೆ ನಾನು ಒಂದು ವಾರ ಒದ್ದಾಡ್ತೀನಿ," ಎಂದರು ಅವರು. ಮೇಸ್ತ್ರಿಗೆ ನಾಚಿಕೆಯಾಯಿತು. ಟೈಲ್ಸ್ ಎಲ್ಲ ಗುಡಿಸಿಕೊಂಡು ಡಬ್ಬಿಗೆ ತುಂಬಿದ.

ಅಂದಿನಿಂದ ಮೇಡಂ ಮೇಲಕ್ಕೆ ಹೋಗುವಾಗ ಒಂದು, ಕೆಳಗೆ ಬರುವಾಗ ಒಂದು ಲೆಕ್ಕ ಹೇಳಿ ಹೋಗುವುದು ರೂಢಿಯಾಯಿತು. ಅಂಕೆಗಳನ್ನೆಲ್ಲ ಕೂಡಿದರೆ ಬರುವ ಮೊತ್ತವನ್ನು ಮೂರು ಭಾಗ ಮಾಡಲಾಗದಿದ್ದರೆ ಸಂಖ್ಯೆಯನ್ನೂ ಮಾಡಲಾಗದು. ಇದು ಅವನಿಗೆ ಶಾಲೆಯ ದಿನಗಳಿಂದ ನೆನಪಿತ್ತು. ಹನ್ನೊಂದರದ್ದು ಹೊಸದು. "ಒಂದು ಬಿಟ್ಟು ಒಂದು ಅಂಕೆ ಕೂಡಿ. ಬಿಟ್ಟಿದ್ದನ್ನು ಬೇರೆ ಕೂಡಿ. ಎರಡು ಮೊತ್ತವೂ ಒಂದೇ ಆದರೆ, ಇಲ್ಲ ಅವುಗಳ ವ್ಯತ್ಯಾಸ ಹನ್ನೊಂದೋ ಇಪ್ಪತ್ತೆರಡೋ ಬಂದರೆ, ಹನ್ನೊಂದು ಸಾಲಲ್ಲಿ ಚೊಕ್ಕವಾಗಿ ಕೂರುತ್ತೆ." ಮೇಸ್ತ್ರಿ ಕಲ್ಲು ಕೊರೆಯುತ್ತಲೇ ಅದನ್ನು ಬಾಯಿಪಾಠ ಮಾಡಿಕೊಂಡ. ದಾರಿಯಲ್ಲಿ ಕಂಡ ಗಾಡಿಗಳ ನಂಬರನ್ನೆಲ್ಲ ಹಾಗೆ ಕೂಡಿ ಕಳೆದು ನೋಡುವ ಚಟ ಹತ್ತಿತು. ಬಸ್ಸಿನಲ್ಲಿ ಟಿಕೆಟ್ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ ಗಂಡನನ್ನು ನೋಡಿ ಹೆಂಡತಿ, "ಏನ್ ಜಪ ಮಾಡ್ತಿದ್ದೀರಿ?" ಎಂದು ಕೇಳಿದಳು.

ಅಂಕೆ ಕೊರೆಯುವುದು ಹೇಳಿದಷ್ಟು ಸುಲಭವಿರಲಿಲ್ಲ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಗ್ರಾನೈಟ್ ಮೇಲೆ ಗೆರೆ ಎಳೆದು, ಮಷಿನ್ನಿನಲ್ಲಿ ಒರಟಾಗಿ ಕೊಯ್ದು, ಒಳತಿರುವುಗಳನ್ನು ಅರದಲ್ಲಿ ತಿಕ್ಕಿ ನಯ ಮಾಡಬೇಕು. ಬಿಳಿ ಟೈಲ್‌ನಲ್ಲಿ ಅದೇ ಆಕಾರದ ಕಿಂಡಿ ಕೊರೆದು, ಕೂದಲೆಳೆ ಹೋಗದಂತೆ ಕೂರಿಸಬೇಕು. ಆ ಸಂಖ್ಯೆಯಲ್ಲಿ ಆರು ಎಂಬ ಅಂಕೆ ಏಳು ಸಲ ಬರುತ್ತದೆ, ಒಂಬತ್ತು ಒಂದೇ ಸಲ. ಎರಡಕ್ಕೂ ಒಂದೇ ಅಚ್ಚು, ತಲೆಕೆಳಗು ಮಾಡಿದರೆ ಆಯಿತು. ಎಂಟನ್ನು ಕೊಯ್ಯುವಾಗ ಎರಡು ಸಲ ಕಲ್ಲು ಸೀಳಿತು. ಮೂರನೇ ಎಂಟು ಕೈಗೆ ಬಂದಾಗ ಮೇಸ್ತ್ರಿ ಅದನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಮೂವತ್ತು ವರ್ಷ ಸ್ನಾನದ ಮನೆ, ಅಡುಗೆ ಮನೆ ಎಂದು ನೆಲ ಹಾಸಿದ್ದಕ್ಕೆ ಲೆಕ್ಕವಿಲ್ಲ. ಇಂಥದ್ದು ಒಂದೂ ಇರಲಿಲ್ಲ.

ಕೆಳಗಿನಿಂದ ಮೇಲಕ್ಕೆ ಕೆಲಸ ಸಾಗಿತು. ಗಾರೆ ಸಿಡಿಯದಂತೆ, ಕೂರಿಸಿದ ಪ್ರತಿ ಅಂಕೆಯ ಮೇಲೂ ಕಾಗದ ಅಂಟಿಸಿದರು. ಹದಿನೈದು ದಿನ ಮೆಟ್ಟಿಲುಗಳೆಲ್ಲ ಕಾಗದ ಕಟ್ಟಿಕೊಂಡೇ ಇದ್ದವು. ಶಾಲೆ ಸೋಮವಾರ ಶುರು ಎನ್ನುವಾಗ ಶನಿವಾರ ಮಧ್ಯಾಹ್ನ ಕಾಗದಗಳನ್ನೆಲ್ಲ ಕಿತ್ತು ಒದ್ದೆ ಬಟ್ಟೆಯಿಂದ ಒರೆಸಿದರು. ಹೆಡ್ ಮೇಡಂ ಬಂದು "ಚೆನ್ನಾಗಿದೆ, ಜಾರಲ್ಲ ತಾನೆ?" ಎಂದು ಕೇಳಿ ಹೋದರು. ಗಣಿತದ ಮೇಡಂ ಅಂಗಳದಲ್ಲಿ ನಿಂತು, ಕತ್ತೆತ್ತಿ, ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತನಾಲ್ಕು ಅಂಕೆಗಳನ್ನೂ ಹಾಡಿನಂತೆ ಜೋರಾಗಿ ಹೇಳಿದರು. ಮುಗಿದಾಗ ಅವರ ಕಣ್ಣು ತೇವವಾಗಿತ್ತು. "ಮೇಸ್ತ್ರಿಗಳೇ, ಏನ್ ಹೇಳಲಿ," ಎಂದರು.

ಅವರು ಹೋದ ಮೇಲೆ ಸಂದುಗಳಿಗೆ ಬಿಳಿ ಸಿಮೆಂಟು ತುಂಬುವ ಕೊನೆಯ ಕೆಲಸ ಉಳಿದಿತ್ತು. ಮೇಸ್ತ್ರಿ ಕೆಳಗಿನಿಂದ ಶುರು ಮಾಡಿದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಮನಸ್ಸು ತನ್ನ ಚಟಕ್ಕೆ ಬಿತ್ತು. ಬೆಸದ ಮೆಟ್ಟಿಲುಗಳದ್ದು ಒಂದು ಮೊತ್ತ, ಸರಿ ಮೆಟ್ಟಿಲುಗಳದ್ದು ಇನ್ನೊಂದು. ಏಳು ಒಂದು ಕಡೆ, ಮೂರು ಇನ್ನೊಂದು ಕಡೆ. ಒಂದು ಸೇರಿ ಎಂಟು, ಒಂಬತ್ತು ಸೇರಿ ಹನ್ನೆರಡು. ಒಂದೊಂದು ಮೆಟ್ಟಿಲಲ್ಲೂ ನಿಂತು ಕಳೆದು ನೋಡುವುದು, ಹನ್ನೊಂದು ಬರಲಿಲ್ಲವೆಂದು ಖುಷಿಪಡುವುದು. ಒಂಬತ್ತನೇ ಮೆಟ್ಟಿಲಿಗೆ ಬೆಸದ್ದು ಇಪ್ಪತ್ತೆರಡು, ಸರಿಯದ್ದು ಇಪ್ಪತ್ತನಾಲ್ಕು. ಹತ್ತನೇ ಮೆಟ್ಟಿಲು. ಇಪ್ಪತ್ತನಾಲ್ಕಕ್ಕೆ ಒಂಬತ್ತು ಸೇರಿದರೆ ಮೂವತ್ಮೂರು. ಮೂವತ್ಮೂರರಲ್ಲಿ ಇಪ್ಪತ್ತೆರಡು ಕಳೆದರೆ ಹನ್ನೊಂದು.

ಕೈ ನಿಂತಿತು. ತನ್ನ ಕೂಡಿಕೆಯೇ ತಪ್ಪಿರಬೇಕೆಂದು ಕೆಳಗಿಳಿದು ಮೊದಲಿನಿಂದ ಕೂಡಿದ. ಮತ್ತೆ ಹನ್ನೊಂದು. ಜೇಬಿನಲ್ಲಿದ್ದ, ಮೇಡಂ ಬರೆದುಕೊಟ್ಟ ಚೀಟಿ ತೆಗೆದು ಬಲಗಡೆಯಿಂದ ಹತ್ತನೆಯದನ್ನು ನೋಡಿದ. ಆರು. ಮೆಟ್ಟಿಲಲ್ಲಿ ಒಂಬತ್ತು.

ಕೂರಿಸಿದವನು ತಾನೇ. ಅಂದು ಊಟವಾದ ಮೇಲೆ ರೇಡಿಯೊ, ತನ್ನ ಮದುವೆಯಲ್ಲಿ ಮಾವನ ಚಪ್ಪಲಿ ಹಾಕಿಕೊಂಡು ಬಂದುಬಿಟ್ಟ ಕತೆ ಹೇಳುತ್ತಿದ್ದ. ಇಪ್ಪತ್ತನೇ ಸಲ ಕೇಳಿದರೂ ಮೇಸ್ತ್ರಿಗೆ ನಗು ತಡೆಯಲಾಗಿರಲಿಲ್ಲ. ನಗುತ್ತ ನಗುತ್ತಲೇ ಟೈಲ್ ಎತ್ತಿ ತಲೆಕೆಳಗಾಗಿ ಕೂರಿಸಿದ್ದ, ಮೇಲೆ ಕಾಗದ ಅಂಟಿಸಿದ್ದ.

ರೇಡಿಯೊ ಬಂದು ನೋಡಿದ. ಮೊದಲ ಬಾರಿಗೆ ಅವನ ದನಿ ತಗ್ಗಿತು. "ಭಾವ, ಮೇಡಂ ಅವರೇ ನೋಡಿ ಓದಿ ಒಪ್ಪಿಕೊಂಡ್ರು. ಮೂರರ ಲೆಕ್ಕಕ್ಕೂ ಸಿಗಲ್ಲ, ಆರಕ್ಕೂ ಒಂಬತ್ತಕ್ಕೂ ಮೂರೇ ತಾನೆ ವ್ಯತ್ಯಾಸ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

"ಕೀಳೋಕೆ ಹೋಗಿ ಕಾಲಿಡೋ ಮೇಲಿನ ಹಾಸುಗಲ್ಲು ಸೀಳಿದ್ರೆ? ಸೋಮವಾರ ಮಕ್ಕಳು ಬರ್ತಾರೆ."

ಮೇಸ್ತ್ರಿ ಮೆಟ್ಟಿಲ ಮೇಲೆ ಕುಳಿತ. "ಇಲ್ಲಿ ತನಕ ಒಂಬತ್ತು ಮೆಟ್ಟಿಲು ಸರಿ ಇವೆ. ಇದು ಒಂದು ಕೆಟ್ಟಿತು. ಇದರ ಮೇಲಿನ ಹದಿನಾಲ್ಕೂ ಇದನ್ನೇ ಹೊತ್ಕೊಂಡಿವೆ. ಅವುಗಳಲ್ಲಿ ಯಾವುದನ್ನೂ ಈಗ ನಂಬೋ ಹಾಗಿಲ್ಲ. ಒಂದು ಟೈಲ್ ತಪ್ಪಲ್ಲ ಇದು. ನಾಳೆ ಬೆಳಗ್ಗೆ ಬರೋಣ."

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಇಬ್ಬರೂ ಹಾಜರಾದರು. ರೇಡಿಯೊ ಒಂದು ಮಾತೂ ಆಡದೆ ನೀರು ತಂದುಕೊಟ್ಟ. ಮೇಸ್ತ್ರಿ ಸಂದಿನ ಸಿಮೆಂಟನ್ನು ತೆಳು ಉಳಿಯಲ್ಲಿ ಕೆರೆದು ತೆಗೆದ. ಮೇಲಿನ ಹಾಸುಗಲ್ಲಿಗೆ ಪೆಟ್ಟು ತಾಗದಂತೆ ಮರದ ಪಟ್ಟಿ ಕೊಟ್ಟು, ರಬ್ಬರ್ ಸುತ್ತಿಗೆಯಲ್ಲಿ ಒಂದೊಂದೇ ಮೆಲ್ಲನೆ ಬಡಿದ. ಎರಡು ಗಂಟೆಯಾದರೂ ಟೈಲ್ ಅಲ್ಲಾಡಲಿಲ್ಲ; ತನ್ನ ಗಟ್ಟಿ ಕೆಲಸಕ್ಕೆ ತಾನೇ ಶಾಪ ಹಾಕಿಕೊಂಡ. ಕೊನೆಗೆ ಟೈಲ್ ಮೂರು ಹೋಳಾಗಿ ಬಂತು. ಆದರೆ ಮೇಲಿನ ಹಾಸುಗಲ್ಲಿಗೆ ಏನೂ ಆಗಲಿಲ್ಲ. ಕರಿ ಅಂಕೆಯೂ ಹಾಗೇ ಕೈಗೆ ಬಂತು. ಹೊಸ ಟೈಲ್ ಕೊರೆದು, ಅಂಕೆ ತಿರುಗಿಸಿ ಕೂರಿಸಿ, ಮೂರು ಸಲ ಚೀಟಿ ನೋಡಿ, ಮೆಟ್ಟಿಲಿಗೆ ಹಚ್ಚಿದ. ರೇಡಿಯೊನನ್ನೂ ಕರೆದು ಓದಿಸಿದ.

"ಆರು," ಎಂದ ರೇಡಿಯೊ. "ನೂರಕ್ಕೆ ನೂರು ಆರು. ಇನ್ನು ನಾನು ಮಾತಾಡಬಹುದಾ?"

"ಮಾತಾಡು, ತಮಾಷೆ ಮಾತ್ರ ಬೇಡ."

ಸೋಮವಾರ ಬೆಳಗ್ಗೆ ಮೇಸ್ತ್ರಿ ಶಾಲೆಯ ಗೇಟಿನಲ್ಲೇ ಗಣಿತದ ಮೇಡಂಗಾಗಿ ಕಾದ. ಬಂದ ಕೂಡಲೇ ನಡೆದದ್ದನ್ನೆಲ್ಲ ಹೇಳಿದ, ನಕ್ಕದ್ದನ್ನೂ ಬಿಡದೆ. ಮೇಡಂ ಮೆಟ್ಟಿಲ ಬಳಿ ಬಂದು, ಹತ್ತನೆಯದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅಂಗೈ ಮೇಲೆ ಬೆರಳಲ್ಲಿ ಏನೋ ಬರೆದರು.

"ಹನ್ನೊಂದು ಸಾಲು," ಎಂದರು. "ಒಂದೊಂದರಲ್ಲಿ ಎಂಬತ್ತಾರು ಕೋಟಿ ತೊಂಬತ್ತೇಳು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಟೈಲ್ಸ್. ಒಂದೂ ಮಿಕ್ಕಲ್ಲ. ಅಯ್ಯೋ! ನಾನು ಶನಿವಾರ ಓದ್ಲೇ ಇಲ್ಲ ಮೇಸ್ತ್ರಿಗಳೇ. ಬಾಯಿಪಾಠ ಒಪ್ಪಿಸಿದೆ. ಕಣ್ಣಿಂದ ನೋಡಿದ್ದು ನೀವೊಬ್ಬರೇ."

"ನೋಡಿದ್ದಲ್ಲ ಮೇಡಂ. ಕೂಡಿದ್ದು."

ಮೇಡಂ ಎದ್ದು ನಿಂತರು. "ಮೊದಲನೇ ಪಿರಿಯಡ್ ನನ್ನದು. ಬನ್ನಿ. ಆ ಸಣ್ಣ ಟೈಲ್ಸ್ ಡಬ್ಬಿ ತನ್ನಿ."

ಮೇಸ್ತ್ರಿ ಬೇಡವೆಂದ. ಬಟ್ಟೆ ಸರಿಯಿಲ್ಲ ಎಂದ, ಮಾತು ಬರಲ್ಲ ಎಂದ. ಡಬ್ಬಿಯನ್ನು ರೇಡಿಯೊ ಆಗಲೇ ಹೆಗಲಿಗೇರಿಸಿದ್ದ.

ನಲವತ್ತು ಹುಡುಗಿಯರು ಬೆಂಚು ಸರಿಸಿ ಸುತ್ತ ನಿಂತರು. ನೆಲದ ಮೇಲೆ ಕೂತ ಮೇಲೆ ಮೇಸ್ತ್ರಿಗೆ ಮಾತು ತಾನಾಗಿ ಬಂತು. ನೂರ ಮೂವತ್ತೇಳನ್ನು ಹರಡಿ ಸಾಲು ಮಾಡಿಸಿದ, ಮಿಕ್ಕಿದ್ದನ್ನು ಎಣಿಸಿದ, ಹನ್ನೊಂದರಾಚೆ ಏಕೆ ಹೋಗಬೇಕಿಲ್ಲವೆಂದು ಟೈಲ್ಸ್ ಅಡ್ಡ ತಿರುಗಿಸಿ ತೋರಿಸಿದ. ಆಮೇಲೆ ತನ್ನ ತಪ್ಪನ್ನೂ ಹೇಳಿದ. ಹುಡುಗಿಯರು ಹತ್ತನೇ ಮೆಟ್ಟಿಲಿಗೆ ಒಂಬತ್ತು ಇಟ್ಟುಕೊಂಡು ಹಲಗೆಯ ಮೇಲೆ ತಾವೇ ಕೂಡಿ ಕಳೆದು, ಹನ್ನೊಂದು ಬಂದಾಗ ಒಟ್ಟಿಗೆ ಕೂಗಿದರು.

ಹಿಂದೆ ನಿಂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು, "ಮೇಸ್ತ್ರಿ ಮಾಮ, ಮೆಟ್ಟಿಲಿನ ಸಂಖ್ಯೆ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತೆ. ಹಟಮಾರಿ ಸಂಖ್ಯೆಗಳೂ ಎಲ್ಲೋ ಒಂದು ಕಡೆ ಮುಗಿದುಹೋಗ್ತಾವಾ?"

ಮೇಸ್ತ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಮೇಡಂ ಕಡೆ ನೋಡಿದ. ಮೇಡಂ ಹಲಗೆಗೆ ಹೋಗದೆ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಮುಗಿಯುತ್ತೆ ಅಂತಲೇ ಇಟ್ಟುಕೊಳ್ಳೋಣ. ಎಲ್ಲಾ ಹಟಮಾರಿಗಳ ಪಟ್ಟಿ ನಮ್ಮ ಹತ್ರ ಇದೆ. ಅವನ್ನೆಲ್ಲ ಒಂದಕ್ಕೊಂದು ಗುಣಿಸಿ, ಅಷ್ಟು ಟೈಲ್ಸ್ ತರಿಸೋಣ. ಪಟ್ಟಿಯಲ್ಲಿರೋ ಯಾರ ಲೆಕ್ಕದಲ್ಲಿ ಸಾಲು ಮಾಡಿದ್ರೂ ಏನಾಗುತ್ತೆ?"

"ಚೊಕ್ಕವಾಗಿ ಕೂರುತ್ತೆ," ಎಂದ ಮೇಸ್ತ್ರಿ.

"ಈಗ ಅದಕ್ಕೆ ಇನ್ನು ಒಂದೇ ಒಂದು ಟೈಲ್ ಸೇರಿಸಿ."

ಮೇಸ್ತ್ರಿ ಡಬ್ಬಿಯಿಂದ ಒಂದನ್ನು ತೆಗೆದು ಕೈಯಲ್ಲಿ ಹಿಡಿದ. "ಎರಡು ಸಾಲು ಮಾಡಿದ್ರೆ ಒಂದು ಮಿಕ್ಕುತ್ತೆ," ಎಂದ ನಿಧಾನವಾಗಿ. "ಮೂರು ಮಾಡಿದ್ರೂ ಒಂದು ಮಿಕ್ಕುತ್ತೆ. ಪಟ್ಟಿಯಲ್ಲಿರೋ ಯಾರ ಸಾಲಲ್ಲಿಟ್ರೂ ಒಂದು ಮಿಕ್ಕೇ ಮಿಕ್ಕುತ್ತೆ. ಅಂದ್ರೆ... ಅಂದ್ರೆ ಅದು ತಾನೇ ಹಟಮಾರಿ ಆಗಿರಬೇಕು. ಇಲ್ಲಾ, ಅದನ್ನು ಸಾಲು ಮಾಡೋ ಹಟಮಾರಿ ನಮ್ಮ ಪಟ್ಟಿಯಲ್ಲಿ ಇಲ್ಲ!"

"ಪಟ್ಟಿ ಎಷ್ಟೇ ಉದ್ದ ಇರಲಿ," ಎಂದರು ಮೇಡಂ.

"ಎಷ್ಟೇ ಉದ್ದ ಇರಲಿ!" ಎಂದ ಮೇಸ್ತ್ರಿ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಮೇಲೇರಿತ್ತು. "ಮುಗಿಯೋದೇ ಇಲ್ಲ ಮಗಳೇ. ಮುಗೀತು ಅಂದವನ ಕೈಗೆ ಒಂದು ಟೈಲ್ ಕೊಟ್ಟರೆ ಸಾಕು."

ಎರಡು ಜಡೆಯವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಬೆಲ್ ಹೊಡೆಯಿತು. ಹುಡುಗಿಯರು ಟೈಲ್ಸ್ ಎತ್ತಿಡಲು ಬಗ್ಗಿದರು. ಮೇಸ್ತ್ರಿ ಮಾತ್ರ ಏಳಲಿಲ್ಲ. ಆ ಲೆಕ್ಕವನ್ನು ಇನ್ನೊಂದು ಸಲ ಮೊದಲಿನಿಂದ ಹೇಳಿ ಎಂದು ಮೇಡಂ ಅವರನ್ನು ಕೇಳುತ್ತಿದ್ದ. ಅವರು ಮತ್ತೆ ಹೇಳತೊಡಗಿದರು. ಬಾಗಿಲ ಬಳಿ ನಿಂತಿದ್ದ ರೇಡಿಯೊ, ಕೆಲಸಕ್ಕೆ ಹೊತ್ತಾಯಿತೆಂದು ನೆನಪಿಸಲು ಬಾಯಿ ತೆರೆದವನು, ಭಾವನ ಮುಖ ನೋಡಿ ಸುಮ್ಮನಾಗಿ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತ.